ಮಾತೆಯ ಹಬ್ಬದಲ್ಲಿ ಎಲಿಸೆಯೊನ ಪಥ್ಯ

ಎಲಿಸೆಯೊ ಬಾಗಿಲಲ್ಲಿ ಕೂತು ಮಂಜುಗಡ್ಡೆ ಚೀಪುತ್ತಿದ್ದದ್ದೇ ತಪ್ಪಾಯಿತು. ಎದುರುಮನೆಯ ಹಿರಿಯಾಕೆ ದೋನ್ಯಾ ಮೆಲ್ಬಾ ನೋಡಿಬಿಟ್ಟಳು.

"ಅಯ್ಯೋ, ಹಬ್ಬದ ದಿನವೂ ಬರೀ ಮಂಜುಗಡ್ಡೇನಾ? ಏನೇ ಒತಿಲಿಯಾ, ತಮ್ಮನ್ನ ಹಪ್ಪಳದ ಥರ ಒಣಗಿಸ್ತಿದ್ದೀಯಾ?"

"ಅವನು ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲತ್ತೆ ದೋನ್ಯಾ," ಅಕ್ಕ ಒಳಗಿಂದಲೇ ಕೂಗಿದಳು. "ನಾಳೆ ನಮ್ಮಿಬ್ಬರಿಗೂ ಕೊನೇ ಪರೀಕ್ಷೆ. ಎಲ್ಲ ಸರಿಯಿದ್ರೆ ಈ ವಾರವೇ ನನ್ನದೊಂದು ಕಿಡ್ನಿ ಅವನಿಗೆ."

ಹಿಂದೊಮ್ಮೆ ಎರಡು ಕಿತ್ತಳೆ ತಿಂದದ್ದಕ್ಕೆ, ಅದರ ಪೊಟ್ಯಾಸಿಯಂ ಹೊರಹೋಗದೆ, ಎಲಿಸೆಯೊನ ಎದೆ ತಾಳ ತಪ್ಪಿ ಕುಣಿದಿತ್ತು. ಡಯಾಲಿಸಿಸ್ ಯಂತ್ರ ಮೈಯ ನೀರೆಳೆದಾಗ ಕಾಲುಗಳು ಹಿಂಡಿದ ಬಟ್ಟೆಯಂತೆ ಸೆಟೆದುಕೊಂಡಿದ್ದವು. ಆಪರೇಷನ್ ಮುಂದೆ ಹೋಗಿತ್ತು.

"ಹಾಗಾದ್ರೆ ನಮ್ಮ ಮಾತೆಯ ಮುಂದೆ ಹಾಡಲೇಬೇಕು!" ಎಂದು ಹೇಳಿ ಹೋದ ಮೆಲ್ಬಾ ಸಂಜೆ ಮತ್ತೆ ಬಂದು ಅವನ ಬಲಗೈ ಹಿಡಿದು ಎಳೆದಳು.

ಚಿಚಿಗಾಲ್ಪಾ ಊರಲ್ಲಿ ಆ ಸಂಜೆ ಮನೆಮನೆಯ ಬಾಗಿಲಲ್ಲೂ ಮಾತೆ ಮರಿಯಳ ಪೀಠ. ಮನೆಯಿಂದ ಮನೆಗೆ ಹೋಗಿ ಹಾಡಿದವರಿಗೆ ಕಬ್ಬು, ಕಿತ್ತಳೆ, ಬಾಳೆಹಣ್ಣು, ಪಾನಕ. ಮಾತೆಯ ಹೆಸರಲ್ಲಿ ಕೊಟ್ಟದ್ದನ್ನು ಬೇಡವೆಂದರೆ ಆ ಮನೆಯವರು ಬರುವ ವರ್ಷದವರೆಗೂ ಮುಖ ತಿರುಗಿಸುತ್ತಾರೆ.

ಹಾಡು ಮುಗಿದದ್ದೇ ಮೆಲ್ಬಾ ದೊಡ್ಡ ಲೋಟ ಎಳನೀರು ಚಾಚಿದಳು. "ನನ್ನ ಕಣ್ಮುಂದೇನೇ ಕುಡಿ."

ಎಲಿಸೆಯೊ ಬಲೆಗೆ ಬಿದ್ದ ಕೋಳಿಯಂತೆ ಅಕ್ಕನನ್ನು ನೋಡಿದ.

"ಇಲ್ಲಿ ಕೊಡಿ," ಒತಿಲಿಯಾ ಲೋಟ ಕಸಿದುಕೊಂಡಳು. "ಕಿಡ್ನಿಯನ್ನೇ ಕೊಡೋಳು, ಅವನ ಪಾಲಿನ ಎಳನೀರು ಕುಡಿಯೋಕಾಗಲ್ವಾ?"

ಎಲ್ಲರೂ ಮೆಚ್ಚಿದರು. ಸುದ್ದಿ ಅವರಿಗಿಂತ ಮೊದಲೇ ಬೀದಿಯ ಕೊನೆ ಮುಟ್ಟಿತು.

ಮುದುಕ ದೊನ್ ತ್ರಾನ್ಸಿತೊ ಡಯಾಲಿಸಿಸ್ ಸೂಜಿಗೆಂದು ರಕ್ತ ರಭಸವಾಗಿ ಹರಿಯುವಂತೆ ನರ ಜೋಡಿಸಿದ್ದ ಎಲಿಸೆಯೊನ ಎಡಗೈಗೆ ಕಿವಿಯಿಟ್ಟ. "ಗುಂಯ್ ಅಂತಿದೆ! ಬನ್ರೋ, ಈ ಹುಡುಗ ತೋಳಲ್ಲಿ ಜೇನು ಸಾಕಿದ್ದಾನೆ!"

ಕಿವಿಗಳ ಸಾಲೇ ನಿಂತಿತು. ಅತ್ತ ಒತಿಲಿಯಾಳ ಕೈಗೆ ಬಾಳೆಹಣ್ಣಿನ ಚಿಪ್ಪು ಬಂತು. ಮುಂದಿನ ಮನೆಯಲ್ಲಿ ಬೆಲ್ಲದುಂಡೆ, ಅದರಾಚೆ ಕೋಕೋ ಪಾನಕ, ಆಮೇಲೆ ಕಬ್ಬು, ಮತ್ತೆ ಕಬ್ಬು. ಎಲಿಸೆಯೊನ ನಾಲಿಗೆ ಚಪ್ಪಲಿಯ ಅಟ್ಟೆಯಂತಾಗಿತ್ತು. ಅಕ್ಕನ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತ.

"ಸಾಕೇನೇ ಅಕ್ಕಾ?"

"ನಿನಗೋಸ್ಕರ ಕಣೋ," ಎಂದು ಅವಳು ತೇಗಿದಳು. "ಇನ್ನೆಷ್ಟು ಮನೆ ಇದೆ?"

ಮನೆಗೆ ಹೋಗುವಾಗ ರೋಗಿಯೇ ಅವಳನ್ನು ಹಿಡಿದುಕೊಂಡು ನಡೆಸಿದ.

ಮರುದಿನ ಡಾಕ್ಟರಮ್ಮ ವರದಿ ನೋಡಿ ಕಣ್ಣರಳಿಸಿದರು. "ಶಭಾಷ್ ಎಲಿಸೆಯೊ! ತೂಕ, ರಕ್ತ ಎಲ್ಲ ಸರಿಯಾಗಿದೆ. ಹಬ್ಬದ ಮರುದಿನ ಇಂಥ ರೋಗೀನ ನಾನು ನೋಡೇ ಇಲ್ಲ."

"ಹಾಗಾದ್ರೆ ಆಪರೇಷನ್ನು?"

"ನಿಮ್ಮಿಂದ ಏನೂ ಅಡ್ಡಿಯಿಲ್ಲ." ಡಾಕ್ಟರಮ್ಮ ಇನ್ನೊಂದು ಹಾಳೆ ತಿರುಗಿಸಿ, ಕನ್ನಡಕದ ಮೇಲಿಂದ ಒತಿಲಿಯಾಳನ್ನು ನೋಡಿದರು. "ನಿಮ್ಮ ಸಕ್ಕರೆ ಯಾಕಮ್ಮಾ ಹೀಗೆ ಮರ ಹತ್ತಿ ಕೂತಿದೆ? ಅದು ಇಳಿಯೋವರೆಗೂ ನಾನು ನಿಮ್ಮ ಕಿಡ್ನಿ ಮುಟ್ಟಲ್ಲ."

ಎಲಿಸೆಯೊ ಮತ್ತೆ ಯಂತ್ರದ ಪಕ್ಕ ಕೂತು ತೋಳು ಚಾಚಿದ. ಒತಿಲಿಯಾ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಳಬೇಡ ಬಿಡೇ," ಅಂದ ಅವನು. ಸೂಜಿ ಚುಚ್ಚುವಾಗ ಹಲ್ಲು ಕಚ್ಚಿ, ಆಮೇಲೆ ಮೆಲ್ಲಗೆ ಕೇಳಿದ, "ಕಬ್ಬು ಸಿಹಿಯಾಗಿತ್ತಾ?"

ಅವಳು ಮೂಗೊರೆಸಿಕೊಂಡಳು. "ತುಂಬಾ ಕಣೋ."