ಬಿಳಿ ಬೂಟಿನ ಬದಲಿ

ಈ ರಾದ್ಧಾಂತಕ್ಕೆಲ್ಲ ಕಾರಣ ಒಂದು ಜೊತೆ ಬಿಳಿ ಬೂಟು.

ಬೂಟು ನಮ್ಮ ಬ್ರದರ್‌ನದಲ್ಲ. ಬ್ರದರ್ ಎಂದರೆ ಗಂಡಸರ ವಾರ್ಡಿನ ನರ್ಸ್. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಕರೆದು ಕರೆದು, ಒಮ್ಮೆ ಹೆಂಡತಿಯೂ ಬಾಯಿ ತಪ್ಪಿ ಹಾಗೇ ಕರೆದು ನಾಲಗೆ ಕಚ್ಚಿಕೊಂಡಿದ್ದಳು. ಹಗಲು ಪಾಳಿಗೆ ಹಿಂದೆ ನಾಲ್ವರಿದ್ದರು. ಒಬ್ಬಳು ವಿಮಾನ ಹತ್ತಿದಳು, ಒಬ್ಬಳು ಹೆರಿಗೆಗೆ ಹೋದಳು, ಇನ್ನೊಬ್ಬ ಈ ಉಸಾಬರಿಯೇ ಬೇಡವೆಂದು ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಉಳಿದವನು ಬ್ರದರ್. ಬದಲಿ ಬಂದು ಕೀಲಿ ತೆಗೆದುಕೊಳ್ಳುವವರೆಗೂ ವಾರ್ಡು ಬಿಡಬಾರದು ಎಂಬುದು ಆಸ್ಪತ್ರೆಯ ಕಾನೂನು. ಬದಲಿ ಬರುವುದೇ ಇಲ್ಲ ಎಂಬುದು ಆಸ್ಪತ್ರೆಯ ಪದ್ಧತಿ.

ಅಂದು ಮಗಳ ಶಾಲೆಯಲ್ಲಿ ನಾಟಕ. ಮಗಳಿಗೆ ಮೊಲದ ವೇಷ. ಹೋದ ವರ್ಷ ಅಪ್ಪನ ಕುರ್ಚಿಯಲ್ಲಿ ಪಕ್ಕದ ಮನೆ ಅಂಕಲ್ ಕೂತು ಚಪ್ಪಾಳೆ ಹೊಡೆದಿದ್ದರು. ಆಮೇಲೆ ಮಗು ಬರೆದ 'ನಮ್ಮ ಕುಟುಂಬ' ಚಿತ್ರದಲ್ಲೂ ಅವರೇ ಮೀಸೆ ಸಮೇತ ನಿಂತಿದ್ದರು.

"ರೀ, ಇವತ್ತೂ ಬರದಿದ್ರೆ ಅಂಕಲ್ಲೇ ಹೋಗ್ತಾರೆ. ಮಗು ಅವರನ್ನೇ ಅಪ್ಪ ಅಂದ್ರೆ ನನ್ನ ಕೇಳಬೇಡಿ," ಎಂದು ಹೆಂಡತಿ ಫೋನಿಟ್ಟಳು.

ಬ್ರದರ್ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಅಮ್ಮನ ಮುಂದೆ ಕೈಮುಗಿದ. "ಯಾರನ್ನಾದ್ರೂ ಹುಡುಕಿ ಕಳಿಸ್ತೀನಿ ಕಣಪ್ಪ," ಎಂದರು ಆಕೆ.

ಆಗಿನಿಂದ ಅವನ ಕಣ್ಣೆಲ್ಲ ಬಾಗಿಲಿನ ಕೆಳಭಾಗದ ಮೇಲೆ. ಆಸ್ಪತ್ರೆಯಲ್ಲಿ ನರ್ಸುಗಳನ್ನು ಗುರುತಿಸುವುದೇ ಬಿಳಿ ಬೂಟಿನಿಂದ. ಮಧ್ಯಾಹ್ನ ಕಳೆಯುತ್ತಿದ್ದಂತೆ ಕಿಟಕಿ ಪಕ್ಕದ ಹಾಸಿಗೆಯ ತಾತ ಕೂಗಿದ: "ಬಂದ್ರಪ್ಪ ನಿನ್ನ ಬದಲಿ! ಬೂಟು ನೋಡು, ಬೂಟು!"

ಬಾಗಿಲಲ್ಲಿ ಒಬ್ಬ ಧಡೂತಿ ಆಸಾಮಿ. ಬಿಳಿ ಅಂಗಿ, ಹಾಲಿನಂಥ ಬಿಳಿ ಬೂಟು.

"ನಾನು ವಾರ್ಡು ನೋಡೋಕೆ ಬಂದೆ," ಎಂದ ಆತ.

"ನೋಡ್ಕೊಳ್ಳಿ ಸ್ವಾಮಿ, ಚೆನ್ನಾಗಿ ನೋಡ್ಕೊಳ್ಳಿ!"

"ಅಲ್ಲಾ, ನಾನು ನೋಡೋಕೆ..."

"ಅದಕ್ಕೇ ಅಲ್ವೇ ಕಾಯ್ತಾ ಇದ್ದದ್ದು! ಇದು ಔಷಧಿ ಬೀರುವಿನ ಕೀಲಿ. ಮೂಲೆಯವರಿಗೆ ಡ್ರಿಪ್ ಮುಗಿಯುತ್ತೆ, ಕಣ್ಣಿಟ್ಟಿರಿ. ತಾತ ಸುಳ್ಳು ಸುಳ್ಳೇ ನರಳ್ತಾನೆ, ಗಾಬರಿ ಆಗಬೇಡಿ."

ಆತ ಬಾಯಿ ತೆರೆಯುವಷ್ಟರಲ್ಲಿ ಬ್ರದರ್ ಗೇಟು ದಾಟಿದ್ದ.

ಶಾಲೆಯ ಬಾಗಿಲಲ್ಲಿ ಸಮವಸ್ತ್ರ ಕಂಡ ಕಾವಲುಗಾರ "ಅಯ್ಯೋ, ಯಾರಿಗೇನಾಯ್ತು?" ಎಂದು ಬೊಬ್ಬೆ ಹಾಕಿದ. ಮುಖ್ಯೋಪಾಧ್ಯಾಯಿನಿ ಓಡಿಬಂದು, "ದೇವರ ಹಾಗೆ ಬಂದ್ರಿ, ನಮ್ಮ ಕರಡಿ ಬಿದ್ದು ಮಂಡಿ ತರಚ್ಕೊಂಡಿದೆ," ಎಂದು ವೇದಿಕೆಯ ಹಿಂದಕ್ಕೆ ಎಳೆದೊಯ್ದರು. ಕರಡಿಗೆ ಪಟ್ಟಿ ಕಟ್ಟಿ ಬ್ರದರ್ ಮುಂದಿನ ಸಾಲಿಗೆ ಬಂದಾಗ ಅಂಕಲ್ ಅವನ ಕುರ್ಚಿಯಲ್ಲಿ ಕೂತು ಮೀಸೆ ತಿರುವುತ್ತಿದ್ದರು. ಅವರನ್ನು ಎಬ್ಬಿಸಿ ಕೂತ. ಮೊಲ ಕುಪ್ಪಳಿಸುತ್ತಾ ಬಂತು. ಅಪ್ಪನನ್ನು ಕಂಡು ಅದರ ಮುಖ ಅರಳಿತು. ಅವನಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಜೇಬಿನ ಫೋನು ಗುರ್ ಎಂದಿತು.

"ಏನಪ್ಪಾ, ವಾರ್ಡು ಯಾರ ಕೈಗೆ ಕೊಟ್ಟು ಹೋದೆ?" ಎಂದರು ಮೇಟ್ರನ್ ಅಮ್ಮ.

"ನೀವು ಕಳಿಸಿದ ಬದಲಿ ಕೈಗೆ..."

"ನಾನು ಯಾರನ್ನೂ ಕಳಿಸಿಲ್ಲ! ನನ್ನ ಹತ್ರ ಜನ ಎಲ್ಲಿದ್ದಾರೆ?"

ರೋಗಿಗಳೂ ಔಷಧಿ ಕೀಲಿಯೂ ಯಾರೋ ದಾರಿಹೋಕನ ಕೈಯಲ್ಲಿ! ಕೆಲಸ ಹೋಗುವುದಿರಲಿ, ಯಾರದಾದರೂ ಜೀವ ಹೋದರೆ? ಅವನು ಎದ್ದವನೇ ಓಡಿದ. ಬಿಸಿ ಆರದ ಕುರ್ಚಿಯಲ್ಲಿ ಅಂಕಲ್ ಮತ್ತೆ ಕೂತರು. ಮೊಲ ಕುಪ್ಪಳಿಸುವುದನ್ನು ಮರೆತು ಬಾಗಿಲನ್ನೇ ನೋಡುತ್ತಾ ನಿಂತಿತು.

ವಾರ್ಡಿನಲ್ಲಿ ಆಸಾಮಿ ಅಂಗಿಯ ತೋಳು ಮಡಚಿ, ಬೆವರು ಸುರಿಸುತ್ತಾ, ತಾತನ ಬೆನ್ನಿಗೆ ದಿಂಬು ಕೊಡುತ್ತಿದ್ದ. "ಇನ್ನೂ ಸ್ವಲ್ಪ ಮೇಲೆ," ಎಂದು ತಾತ ಅಪ್ಪಣೆ ಕೊಡಿಸುತ್ತಿದ್ದ. ಪಕ್ಕದ ವಾರ್ಡಿನ ಸಿಸ್ಟರ್ ಡ್ರಿಪ್ಪು, ಮಾತ್ರೆ ನೋಡಿಕೊಂಡಿದ್ದರಂತೆ. ಎಲ್ಲರೂ ಕ್ಷೇಮ. ಬ್ರದರ್‌ಗೆ ಹೋದ ಜೀವ ಬಂದಂತಾಯಿತು.

ಮೇಟ್ರನ್ ಅಮ್ಮ ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಈಗ ಗೊತ್ತಾಯ್ತು ಕಣೋ. ದೊಡ್ಡ ಕಚೇರಿಯ ಸಾಹೇಬ್ರು! ನಮಗೆ ಎಷ್ಟು ಜನ ಕಮ್ಮಿ ಅಂತ ನೋಡೋಕೆ ಬಂದವರು. ಮಂಡಿ ನೋವಂತ ಮೆತ್ತನೆ ಬೂಟು ಹಾಕಿದ್ದಾರೆ."

ಬ್ರದರ್ ತಪ್ಪಾಯಿತೆಂದು ಸಾಹೇಬರ ಮುಂದೆ ಕೈಮುಗಿದ. ಆದರೆ ಸಾಹೇಬರು ಸಿಟ್ಟಾಗಲಿಲ್ಲ.

"ಎಂಥಾ ಕಷ್ಟದ ಕೆಲಸಾರೀ ಇದು! ಸೊಂಟ ಬಿದ್ದೇ ಹೋಯ್ತು. ನಿಮ್ಮ ಪಾಡು ನನಗೆ ಚೆನ್ನಾಗಿ ಅರ್ಥ ಆಯ್ತು."

ಮೇಟ್ರನ್ ಅಮ್ಮನ ಮುಖ ಅರಳಿತು. ಬ್ರದರ್‌ನ ಕಣ್ಣ ಮುಂದೆ ಸಾಲು ಸಾಲು ಬಿಳಿ ಬೂಟುಗಳು ಸುಳಿದವು.

"ಆದ್ರೆ ಒಂದು ಮಾತು," ಎಂದರು ಸಾಹೇಬರು. "ಏನೂ ಬಾರದ ನಾನೊಬ್ಬನೇ ನಿಭಾಯಿಸಿದೆ ಅಂದ್ಮೇಲೆ, ಕಲಿತ ನಿಮಗೇನ್ರೀ? ಎರಡು ವಾರ್ಡು ಆರಾಮಾಗಿ ನೋಡ್ಕೋಬಹುದು. ನಾಳೆಯಿಂದಲೇ ಪಕ್ಕದ್ದೂ ನಿಮಗೇ. ಆ ಸಿಸ್ಟರನ್ನ ಬೇರೆ ಆಸ್ಪತ್ರೆಗೆ ಹಾಕ್ತೀನಿ, ಅಲ್ಲಿ ಜನ ಕಮ್ಮಿಯಂತೆ."

ಬ್ರದರ್ ಗೋಗರೆದ: "ಸ್ವಾಮಿ, ಇವತ್ತಾದ್ರೂ ಸ್ವಲ್ಪ ಹೊತ್ತು... ನನ್ನ ಮಗಳ ನಾಟಕ..."

ಸಾಹೇಬರು ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಬಿಳಿ ಬೂಟಿನ ಧೂಳು ಕೊಡವಿಕೊಂಡರು.

"ಕಾನೂನು ಕಾನೂನೇ ಕಣ್ರೀ. ಬದಲಿ ಬಂದ ಮೇಲಷ್ಟೇ ಹೊರಡಬೇಕು. ನನ್ನ ಬದಲಿ ನೀವು ಬಂದ್ರಲ್ಲ, ನಾನು ಬರ್ತೀನಿ."