ಟರ್ವಿಲ್ ವಂಶದ ಎಂಜಲು

ಇಷ್ಟಕ್ಕೆಲ್ಲ ಕಾರಣ ಬೆರಳುದ್ದದ ಒಂದು ಹತ್ತಿಕಡ್ಡಿ. ಅದನ್ನು ಬಾಯಿಗಿಟ್ಟು ಕೆನ್ನೆಯ ಒಳಭಾಗಕ್ಕೆ ಉಜ್ಜಿ, ಪುಟ್ಟ ಕೊಳವೆಗೆ ಹಾಕಿ, ಮುಚ್ಚಳ ಬಿಗಿದು ಅಂಚೆಗೆ ಕೊಡಬೇಕು. ಆರಿನ್ ಟರ್ವಿಲ್ ಮಾಡಬೇಕಾಗಿದ್ದದ್ದು ಇಷ್ಟೇ. ಬೇಸಿಗೆಯ ಶುರುವಿನಲ್ಲೇ ಅವನು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿಯೂ ಇದ್ದ. ಕೆನ್ನೆ ಮಾತ್ರ ಅವನದಾಗಿರಲಿಲ್ಲ. ದಾಯಾದಿ ವೆಂಡೆಲ್‌ನದಾಗಿತ್ತು.

ಹಾಗೆ ಮಾಡಿದ್ದು ಭಯಕ್ಕೆ. ನಮ್ಮ ಸಾಲ್ಟ್‌ವಿಕ್ಕಿನಲ್ಲಿ ಟರ್ವಿಲ್ ಅಂದರೆ ಸುಮ್ಮನೆ ಅಲ್ಲ. ಇಂಗ್ಲೆಂಡಿನಲ್ಲಿ ಹಡಗು ಹತ್ತಿ ಈ ಮ್ಯಾಸಚೂಸೆಟ್ಸ್ ದಡದಲ್ಲಿ ಇಳಿದ ಜೇಬಜ್ ಟರ್ವಿಲ್ಲನೇ ಅಮೆರಿಕದ ಟರ್ವಿಲ್‌ಗಳಿಗೆಲ್ಲ ಮೂಲಪುರುಷ. ಅವನು ಕಟ್ಟಿಸಿದ ಮರದ ಮನೆ ಸ್ವಲ್ಪ ಸಮುದ್ರದ ಕಡೆಗೆ ವಾಲಿಕೊಂಡು ಇನ್ನೂ ನಿಂತಿದೆ. ಈಗ ಅದು ಟರ್ವಿಲ್ ವಂಶದ ಸಂಘದ ಆಸ್ತಿ. ಜೇಬಜನ ರಕ್ತದ ಗಂಡಸೊಬ್ಬ ಅಲ್ಲಿ ಬಾಡಿಗೆಯಿಲ್ಲದೆ ವಾಸವಿದ್ದು ಮನೆ ನೋಡಿಕೊಳ್ಳಬೇಕು ಎಂಬುದು ಸಂಘದ ನಿಯಮ. ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ ಆರಿನ್, ಆ ಕೆಲಸ ಹೋದ ಮೇಲೆ ಹೆಂಡತಿ ಲೋಯಿಸಳನ್ನು ಕರೆದುಕೊಂಡು ಈ ಮನೆ ಸೇರಿದ್ದ. ಮಳೆ ಬಂದರೆ ಹಾಸಿಗೆ ಜರುಗಿಸಬೇಕು, ಎದ್ದು ನಿಂತರೆ ತೊಲೆ ತಲೆಗೆ ಬಡಿಯುತ್ತದೆ. ಆದರೂ ಅವರಿಗಿದ್ದ ಸೂರು ಅದೊಂದೇ.

ಆರಿನ್‌ನ ಹೊಟ್ಟೆಯಲ್ಲಿ ಒಂದು ಗುಟ್ಟು ಕೂತಿತ್ತು. ಅವನಪ್ಪ ಸಾಯುವ ಮುಂಚೆ ಜ್ವರದ ತಾಪದಲ್ಲಿ, “ನಾವು ನಿಜವಾಗಿ ಟರ್ವಿಲ್‌ಗಳೇ ಅಲ್ಲ ಕಣೋ. ನಿಮ್ಮ ತಾತನ್ನ ಬಾಸ್ಟನ್ನಿನ ಅನಾಥಾಶ್ರಮದಿಂದ...” ಅಂತ ಶುರುಮಾಡಿ, “ಥೂ, ಈ ಸೂಪು ತಣ್ಣಗಾಗಿದೆ” ಅಂದಿದ್ದ. ಆರಿನ್ ಸೂಪು ಬಿಸಿಮಾಡಿಕೊಂಡು ಬರುವಷ್ಟರಲ್ಲಿ ಅಪ್ಪನ ಮಾತು ನಿಂತೇ ಹೋಗಿತ್ತು. ಅದು ನಿಜವೋ ಜ್ವರದ ಬಡಬಡಿಕೆಯೋ ಹೇಳುವವರಿಲ್ಲ.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈ ಸಲ ಸಂಘದ ಅಧ್ಯಕ್ಷೆ ಪ್ರೂಡೆನ್ಸ್ ಅತ್ತೆ ಇಂಗ್ಲೆಂಡಿನ ಸಫೋಕ್ ಕಡೆಯ ಹಳ್ಳಿಯೊಂದರಲ್ಲಿ ಸಿರಿಲ್ ಟರ್ವಿಲ್ ಎಂಬ ಮುದುಕನನ್ನು ಪತ್ತೆಮಾಡಿದ್ದಳು. ಅವನ ಎಂಜಲನ್ನೂ ಓಹಾಯೋದ ಮೂವರು ಟರ್ವಿಲ್‌ಗಳ ಎಂಜಲನ್ನೂ ಆರಿನ್‌ನ ಎಂಜಲನ್ನೂ ಪರೀಕ್ಷೆ ಮಾಡಿಸಿ, ಆಗಸ್ಟಿನ ವಂಶಕೂಟದಲ್ಲಿ ಎಲ್ಲರೆದುರು ಫಲಿತಾಂಶ ಹೇಳಿಸಬೇಕೆಂದು ತೀರ್ಮಾನಿಸಿದ್ದಳು. ಅವಳು ಬಾಳೆಲ್ಲ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಅವಳಿಗೆ ಇಲ್ಲ ಎನ್ನುವ ಧೈರ್ಯ ಇಡೀ ವಂಶದಲ್ಲಿ ಯಾರಿಗೂ ಇರಲಿಲ್ಲ.

ಆರಿನ್ ಯೋಚನೆ ಮಾಡಿ ವೆಂಡೆಲ್‌ನನ್ನು ಹಿಡಿದ. ವೆಂಡೆಲ್ ಅಪ್ಪಟ ಟರ್ವಿಲ್. ಕೆಂಪು ಕೂದಲು, ನೀಲಿ ಕಣ್ಣು, ಜೇಬಜನಿಂದ ತನ್ನವರೆಗಿನ ಹೆಸರುಗಳನ್ನು ಉಸಿರು ಬಿಡದೆ ಒಪ್ಪಿಸುವ ಗಂಟಲು. “ಔಷಧಿ ಅಂಗಡಿಯವರು ಪುಕ್ಕಟೆ ಒಸಡು ಪರೀಕ್ಷೆ ಮಾಡ್ತಿದಾರೆ” ಅಂದದ್ದೇ ತಡ, ಅವನು ಬಾಯಿ ತೆರೆದು ನಿಂತಿದ್ದ. ಪುಕ್ಕಟೆ ಅಂದರೆ ಹಲ್ಲು ಕೀಳಿಸಿಕೊಳ್ಳಲೂ ಸಿದ್ಧನಿದ್ದ ಆಸಾಮಿ.

ವಂಶಕೂಟದ ದಿನ ಬೆಳಗ್ಗೆ ಆರಿನ್ ಅಂಗಳದಲ್ಲಿ ಶಾಮಿಯಾನದ ಗೂಟ ಹೊಡೆಯುತ್ತಿದ್ದ. ಬೇಲಿಯಾಚೆ ಲಾಬ್‌ಸ್ಟರ್ ಬಲೆ ಸರಿಮಾಡುತ್ತಿದ್ದ ನೆರೆಮನೆಯ ಗಸ್ ಫರ್ಟಾಡೊ ತಲೆ ಎತ್ತಿದ. ಇವರ ಮನೆಯ ಯಾವ ಸುದ್ದಿಯೂ ಅವನ ಬಾಯಿ ದಾಟದೆ ಊರಿಗೆ ಹೋಗುವಂತಿರಲಿಲ್ಲ.

“ಏನಪ್ಪಾ ಆರಿನ್, ಇವತ್ತು ನಿನ್ನ ಎಂಜಲಿನ ಮೆರವಣಿಗೆ ಅಂತೆ?”

“ಹೂಂ ಗಸ್ಸಣ್ಣ. ಸುಮ್ನೆ ಒಂದು ಶಾಸ್ತ್ರ.”

“ಶಾಸ್ತ್ರ ಎಲ್ಲಿ ಬಂತು? ಮೊನ್ನೆ ಟೀವಿಲಿ ತೋರಿಸಿದ್ರಲ್ಲ, ಯಾವನೋ ಕಳ್ಳ ಕಾಫಿ ಕುಡಿದು ಬಿಸಾಕಿದ ಲೋಟದಿಂದ ಹಿಡಿದ್ರಂತೆ. ಎಂಜಲಲ್ಲಿ ಎಲ್ಲ ಬರುತ್ತೆ. ಕೂದಲು ಯಾವ ಬಣ್ಣ, ಕಣ್ಣು ಯಾವ ಬಣ್ಣ, ಎಲ್ಲ!”

ಆರಿನ್‌ನ ಸುತ್ತಿಗೆ ಗೂಟ ಬಿಟ್ಟು ಹೆಬ್ಬೆರಳಿಗೆ ಬಿತ್ತು. ಅವನ ಕಣ್ಣು ಕಂದು. ತಲೆಯಲ್ಲಿ ಬಣ್ಣ ಹೇಳುವುದಕ್ಕೆ ಕೂದಲೇ ಇರಲಿಲ್ಲ.

“ಪರೀಕ್ಷೆ ಮಾಡಿದ ಹೆಂಗಸೇ ಬರ್ತಾಳಂತಲ್ಲ,” ಗಸ್ ಮುಂದುವರಿಸಿದ. “ಒಂದು ಸಲ ಮುಖ ನೋಡಿದ್ರೆ ಸಾಕು, ಇದು ಇವನ ಎಂಜಲು ಹೌದೋ ಅಲ್ವೋ ಅಂತ ಹೇಳಿಬಿಡ್ತಾಳೆ. ಯಾಕಪ್ಪ, ಮುಖ ಬಿಳಿಚಿಕೊಂಡಿದೆ?”

ಅಷ್ಟರಲ್ಲಿ ಪ್ರೂಡೆನ್ಸ್ ಅತ್ತೆ ಕಪ್ಪು ನಿಲುವಂಗಿ, ಉದ್ದನೆಯ ಟೋಪಿ ಹೊತ್ತುಕೊಂಡು ಬಂದಳು. “ಹಾಕ್ಕೊ. ಮೂಲಪುರುಷನ ವೇಷ. ಫಲಿತಾಂಶ ಹೇಳುವಾಗ ನೀನು ಜೇಬಜನ ಕುರ್ಚಿ ಮೇಲೆ ಕೂತಿರಬೇಕು. ಬೆನ್ನು ನೆಟ್ಟಗಿರಲಿ.” ಅಂದವಳೇ ಅವನೆದೆಗೆ ನೀಲಿ ಬಿಲ್ಲೆ ಚುಚ್ಚಿದಳು. ಜೇಬಜನ ಹಿರಿಮಗನ ಪೀಳಿಗೆಗೆ ನೀಲಿ, ಎರಡನೆಯವನದಕ್ಕೆ ಹಸಿರು, ಕಿರಿಯವನದಕ್ಕೆ ಹಳದಿ. ಮದುವೆಯಾಗಿ ಬಂದವರಿಗೂ ಹೊರಗಿನವರಿಗೂ ಬಿಳಿ. ಟರ್ವಿಲ್‌ಗಳು ಒಬ್ಬರ ಮುಖ ಒಬ್ಬರು ನೋಡುವ ಮುಂಚೆ ಬಿಲ್ಲೆ ನೋಡುತ್ತಾರೆ.

ಟೋಪಿ ಕಂಡು ಆರಿನ್‌ಗೆ ಸ್ವಲ್ಪ ಜೀವ ಬಂತು. ಅದನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಪ್ಪು ಕನ್ನಡಕ ಏರಿಸಿದ. ಈಗ ಕೂದಲೂ ಇಲ್ಲ, ಕಣ್ಣೂ ಇಲ್ಲ. ಆದರೆ ಆ ಹೆಂಗಸು ಬಾರದೇ ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅವನು ಹೋಗಿ, ಕಾರುಗಳಿಗೆ ದಾರಿ ತೋರಿಸುವ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡ.

ಓಹಾಯೋದಿಂದ ಬಂದ ಟರ್ವಿಲ್‌ಗಳನ್ನು ಹುಲ್ಲುಗಾವಲಿಗೆ ಕಳಿಸಿದ. ವರ್ಮಾಂಟ್‌ನವರನ್ನೂ ಕಳಿಸಿದ. ಪರೀಕ್ಷೆಯ ಹೆಂಗಸು ಡೆನಿಸ್ ಪುಟ್ಟ ಕೆಂಪು ಕಾರಿನಲ್ಲಿ ಬಂದಾಗ, ಜೇಬಜನ ನಿಲುವಂಗಿಯ ತೋಳು ಚಾಚಿ ಸಮುದ್ರದ ಕಡೆಯ ಜೌಗು ನೆಲಕ್ಕೆ ದಾರಿ ತೋರಿಸಿದ. ಕಾರು ಪಾಪ, ನಂಬಿಕೊಂಡು ಹೋಗಿ ಚಕ್ರದ ಅರ್ಧದವರೆಗೆ ಕೆಸರಿನಲ್ಲಿ ಹೂತುಕೊಂಡಿತು.

ಸದ್ಯ ಬಚಾವಾದೆ ಅಂದುಕೊಳ್ಳುವಷ್ಟರಲ್ಲಿ ಅಂಗಳದಿಂದ ದೊಡ್ಡ ಕೂಗು ಎದ್ದಿತು. ನೀಲಿ, ಹಸಿರು, ಹಳದಿ ಬಿಲ್ಲೆಯವರೆಲ್ಲ ಭೇದಭಾವ ಮರೆತು ಓಡಿಬಂದರು. ಡೆನಿಸ್ ಒಳಗೆ ಕೂತಿದ್ದ ಹಾಗೆಯೇ ಕಾರನ್ನು ಎತ್ತಿ ತಂದು ಜೇಬಜನ ಕುರ್ಚಿಯ ಪಕ್ಕದಲ್ಲೇ ಇಟ್ಟರು. “ಇದು ಟರ್ವಿಲ್ ತೋಳು ಕಣ್ರಮ್ಮ!” ಅಂತ ವೆಂಡೆಲ್ ಬೀಗಿದ.

ಡೆನಿಸ್ ಇಳಿದು ನೆಟ್ಟಗೆ ಆರಿನ್‌ನ ಹತ್ತಿರ ಬಂದಳು. “ನೀವೇ ಆರಿನ್ ಅಲ್ವಾ? ಎಲ್ಲರೆದುರು ಹೇಳೋ ಮುಂಚೆ ನಿಮ್ಮ ಹತ್ರ ಒಂದು ಮಾತು ಆಡಬೇಕಿತ್ತು. ಸ್ವಲ್ಪ ಕನ್ನಡಕ ತೆಗೀತೀರಾ?”

“ಹೊಟ್ಟೆ ಕೆಟ್ಟಿದೆ!” ಅಂದವನೇ ಆರಿನ್ ನಿಲುವಂಗಿ ಎತ್ತಿಕೊಂಡು ಅಡುಗೆಮನೆಗೆ ಓಡಿದ. ತೊಲೆ ತನ್ನ ಕೆಲಸ ಮಾಡಿತು. ಆಲೂಗಡ್ಡೆ ಹೆಚ್ಚುತ್ತಿದ್ದ ಲೋಯಿಸ್ ತಿರುಗಿ ನೋಡಿದರೆ, ಗಂಡ ಹಣೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾನೆ.

ಅವನು ಎಲ್ಲ ಹೇಳಿಬಿಟ್ಟ. ಅಪ್ಪನ ಸೂಪು, ಹತ್ತಿಕಡ್ಡಿ, ವೆಂಡೆಲ್‌ನ ಒಸಡು, ಒಂದೂ ಬಿಡಲಿಲ್ಲ. ಲೋಯಿಸ್ ಚಾಕು ಕೆಳಗಿಟ್ಟಳು.

“ಅಲ್ರೀ, ಇಷ್ಟು ದಿನ ನನ್ನ ಹತ್ರಾನೂ ಮುಚ್ಚಿಟ್ರಾ?”

“ನಿಂಗೆ ಭಯ ಆಗುತ್ತೆ ಅಂತ ಕಣೆ.”

“ಈಗ ಆಗ್ತಿದೆ. ಈ ಮನೆ ಹೋದ್ರೆ ನಾವು ಎಲ್ಲಿಗ್ರೀ ಹೋಗೋದು?” ಅವಳ ದನಿ ಒಂದು ಗಳಿಗೆ ಒಡೆಯಿತು. ಆಮೇಲೆ ಸೆರಗಿಲ್ಲದ ನಾಡಿನವಳಾದ್ದರಿಂದ ಅಡುಗೆಯ ಬಟ್ಟೆಯಲ್ಲೇ ಮೂಗೊರೆಸಿಕೊಂಡು ಗಟ್ಟಿಯಾದಳು. “ವೆಂಡೆಲ್‌ದು ತಾನೆ? ಅವನಿಗಿಂತ ಅಪ್ಪಟ ಟರ್ವಿಲ್ ಯಾರಿದ್ದಾರೆ? ಬಾಯಿ ಮುಚ್ಕೊಂಡು ಹೋಗಿ ಕೂತ್ಕೊಳ್ಳಿ. ಟೋಪಿ ಮಾತ್ರ ತೆಗೀಬೇಡಿ.”

ಮಧ್ಯಾಹ್ನ ಎಲ್ಲರೂ ಚೌಡರ್ ಎಂಬ ಮೀನಿನ ಗಟ್ಟಿ ಸೂಪಿನ ಬಟ್ಟಲು ಹಿಡಿದು ಶಾಮಿಯಾನದಡಿ ಸೇರಿದರು. ಇಂಗ್ಲೆಂಡಿನ ಸಿರಿಲ್‌ನನ್ನು ವೇದಿಕೆ ಮೇಲೆ ಕೂರಿಸಿದ್ದರು. ಬೆಳಗಿನಿಂದ ಅವನ ಕೈ ಮುಟ್ಟಿದವರೆಷ್ಟೋ, ಮೂಗು ನೋಡಿ ಕಣ್ಣೀರು ಹಾಕಿದವರೆಷ್ಟೋ. ಬಸ್ ಓಡಿಸಿ ನಿವೃತ್ತನಾದ ಆ ಮುದುಕ, “ಒಂದು ಲೋಟ ಬಿಸಿ ಟೀ ಸಿಗುತ್ತೇನಮ್ಮ?” ಅಂತ ಕೇಳುತ್ತಲೇ ಇದ್ದ. ಎಲ್ಲರೂ ಅವನಿಗೆ ಐಸು ಹಾಕಿದ ಟೀಯನ್ನೇ ತಂದು ಕೊಡುತ್ತಿದ್ದರು.

ಡೆನಿಸ್ ಎದ್ದು ನಿಂತಳು. ಆರಿನ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ.

“ಓಹಾಯೋದ ಮೂರು ಜನ ಟರ್ವಿಲ್‌ಗಳು ಸಿರಿಲ್ ಅವರಿಗೆ ರಕ್ತಸಂಬಂಧಿಗಳು, ಅನುಮಾನವೇ ಇಲ್ಲ,” ಅಂದಳು ಡೆನಿಸ್. ಚಪ್ಪಾಳೆ ಬಿತ್ತು. ಅವಳು ಕೆಮ್ಮಿದಳು. “ಆದ್ರೆ ಆರಿನ್ ಅವರ ಹೆಸರಲ್ಲಿ ಬಂದ ಎಂಜಲಿಗೂ ಟರ್ವಿಲ್ ವಂಶಕ್ಕೂ ಯಾವ ಸಂಬಂಧಾನೂ ಇಲ್ಲ. ದೂರದ್ದೂ ಇಲ್ಲ. ಕ್ಷಮಿಸಿ.”

ಚೌಡರ್ ಹೀರುವ ಸದ್ದು ನಿಂತಿತು. ಬೇಲಿಯ ಮೇಲೆ ಗಸ್‌ನ ತಲೆ ಇನ್ನಷ್ಟು ಮೇಲೆದ್ದಿತು. ಆರಿನ್ ಬಾಯಿ ತೆರೆದುಕೊಂಡು ಕೂತಿದ್ದ. ಸಿಕ್ಕಿಬೀಳುತ್ತೇನೆ ಎಂದು ಹೆದರಿದ್ದನೇ ಹೊರತು, ವೆಂಡೆಲ್ ಟರ್ವಿಲ್ ಅಲ್ಲದೆ ಹೋದಾನು ಎಂದು ಕನಸಿನಲ್ಲೂ ಅವನಿಗೆ ಹೊಳೆದಿರಲಿಲ್ಲ.

ಪ್ರೂಡೆನ್ಸ್ ಅತ್ತೆ ಬಂದು ಅವನ ನೀಲಿ ಬಿಲ್ಲೆ ಕಿತ್ತು ಬಿಳಿಯದು ಚುಚ್ಚಿದಳು. “ಇಳಿಯಪ್ಪ ಕುರ್ಚಿಯಿಂದ. ನಿಯಮ ಅಂದ್ರೆ ನಿಯಮ. ಈ ತಿಂಗಳ ಕೊನೆಗೆ ಮನೆ ಬಿಡಬೇಕು. ವೆಂಡೆಲ್, ಬಾ ಇಲ್ಲಿ. ಇನ್ನು ಮೇಲೆ ಈ ಮನೆ ನೋಡ್ಕೊಳ್ಳೋನು ನೀನು.”

ವೆಂಡೆಲ್ ಎದೆ ಉಬ್ಬಿಸಿಕೊಂಡು ಬಂದ. ಅವನ ಹೆಂಡತಿ ಆಗಲೇ ಒಳಗೆ ಹೋಗಿ ಪರದೆಗೆಂದು ಕಿಟಕಿಗಳನ್ನು ಗೇಣು ಹಾಕಿ ಅಳೆಯತೊಡಗಿದ್ದಳು. ಬಾಗಿಲಲ್ಲಿ ನಿಂತಿದ್ದ ಲೋಯಿಸಳ ಮುಖ ನೋಡಿ ಆರಿನ್‌ಗೆ ತಡೆಯಲಾಗಲಿಲ್ಲ.

“ಅದು ನನ್ನ ಎಂಜಲೇ ಅಲ್ಲ! ವೆಂಡೆಲ್‌ದು!” ಅಂತ ಅವನು ಕಿರುಚಿದ. “ಹೇಳೋ ವೆಂಡೆಲ್! ನಿನ್ನ ಶೆಡ್ಡಿನಲ್ಲಿ, ಒಸಡು ಪರೀಕ್ಷೆ ಅಂತ, ನಿನ್ನ ಬಾಯಿಗೆ ಹತ್ತಿಕಡ್ಡಿ ಹಾಕಿ ಉಜ್ಜಿದ್ನೋ ಇಲ್ವೋ?”

ವೆಂಡೆಲ್‌ನ ಮುಖ ಹಿಟ್ಟಿನ ಮುದ್ದೆಯ ಹಾಗಾಯಿತು. ಒಸಡು, ಶೆಡ್ಡು, ಕಡ್ಡಿ ಎಲ್ಲ ಅವನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಳ್ಳುತ್ತಿರುವುದು ಹೊರಗೇ ಕಾಣಿಸುತ್ತಿತ್ತು.

“ನನ್ನ ಬಾಯಿಗಾ? ಯಾವಾಗ? ನಂಗೆ ಒಸಡಿನ ತೊಂದರೇನೇ ಇಲ್ಲ,” ಅಂದ, ಸಣ್ಣ ದನಿಯಲ್ಲಿ.

“ಛೀ, ನಾಚಿಕೆಗೇಡು!” ಅಂದಳು ಅತ್ತೆ. “ತಾನು ಮುಳುಗೋವಾಗ ಪಾಪದವನ ಕಾಲು ಹಿಡಿದು ಎಳೀತಾನೆ.” ಮೂರು ಬಣ್ಣದ ಬಿಲ್ಲೆಯವರೂ ಹೌದು ಹೌದು ಅಂದರು.

“ಅದಕ್ಕೇನಂತೆ,” ಅಂದ ಸಿರಿಲ್, ಐಸಿನ ಟೀ ಪಕ್ಕಕ್ಕಿಟ್ಟು. “ವೆಂಡೆಲ್ ಅವರ ಎಂಜಲನ್ನೂ ಒಂದು ಸಲ ನೋಡಿಬಿಡಿ, ಜಗಳ ಮುಗೀತು. ನಂಗೆ ಟೀನೂ ಸಿಗಬಹುದು.”

ಡೆನಿಸ್‌ನ ಚೀಲದಲ್ಲಿ ಹೊಸ ಕಡ್ಡಿ ಇತ್ತು. ಅತ್ತೆ ಅದನ್ನು ಕಸಿದು ವೆಂಡೆಲ್‌ನ ಕೈಗಿಟ್ಟಳು. “ಉಜ್ಜು. ಇವನ ಬಾಯಿ ಮುಚ್ಚಿಸೋಣ. ನೀನೂ ಅಲ್ಲ ಅಂತ ಬಂದ್ರೆ ಮನೆಯನ್ನ ಪುರಸಭೆಗೆ ಕೊಟ್ಟುಬಿಡ್ತೀನಿ. ಕೆಡವಿ ಕಾರು ನಿಲ್ಲಿಸೋ ಜಾಗ ಮಾಡ್ಕೋತಾರೆ. ಹಾಗೆ ಆಗಲ್ಲ ಬಿಡು.”

“ಬಾಯಿ ತುಂಬ ಚೌಡರ್ ಇದೆ ಅತ್ತೆ,” ಅಂದ ವೆಂಡೆಲ್. “ತೊಳ್ಕೊಂಡು ಬಂದೆ.”

ಆರಿನ್ ಅಡುಗೆಮನೆಯ ಹಿಂದೆ ತೊಟ್ಟಿಯ ಪಕ್ಕ ತಲೆ ಮೇಲೆ ಕೈಹೊತ್ತು ಕೂತಿದ್ದ. ಯಾರೋ ಅವನ ನಿಲುವಂಗಿ ಜಗ್ಗಿದರು. ನೋಡಿದರೆ ವೆಂಡೆಲ್. ಕೈಯಲ್ಲಿ ಹತ್ತಿಕಡ್ಡಿ ಇತ್ತು.

“ಆರಿನ್, ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ನಿನ್ನ ಕೆನ್ನೆಗೆ ಉಜ್ಜಿ ಕೊಡೋ.”

“ನನ್ನ ಎಂಜಲು ಆಗಲ್ಲ ಅಂತ ಈಗ ತಾನೆ ಊರಿಗೆಲ್ಲ ಹೇಳಿದ್ರಲ್ಲೋ!”

“ಅದು ನಂದು ಕಣೋ ದರಿದ್ರದವನೇ! ನಿನ್ನದನ್ನ ಇನ್ನೂ ಯಾರೂ ನೋಡಿಲ್ಲ. ಉಳಿದಿರೋದು ಅದೊಂದೇ.” ವೆಂಡೆಲ್ ಕಣ್ಣೊರೆಸಿಕೊಂಡ. “ಅತ್ತಿತ್ತ ಆದ್ರೆ ನಾನು ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನೀವಿಬ್ರೂ ಅಟ್ಟದ ಮೇಲಿನ ಕೋಣೇಲಿ ಇರಿ. ನನ್ನ ಹೆಂಡತೀನ ನಾನು ಒಪ್ಪಿಸ್ತೀನಿ. ಸೂರು ಸೋರಿದ್ರೆ ಮಾತ್ರ ನೀನೇ ಹತ್ತಬೇಕು, ನಂಗೆ ಏಣಿ ಅಂದ್ರೆ ಭಯ.”

ಬಾಗಿಲ ಸಂದಿಯಲ್ಲಿ ಲೋಯಿಸ್ ನಿಂತಿದ್ದಳು. ಮೇಲೆ ಅಟ್ಟದ ಕಡೆ ಒಂದು ಸಲ ನೋಡಿ, ಗಂಡನ ಕಡೆ ನೋಡಿ, ತಲೆಯಾಡಿಸಿದಳು.

ಆರಿನ್ ಕಡ್ಡಿ ತೆಗೆದುಕೊಂಡ. ಅಪ್ಪ ಹೇಳಿದ್ದು ಜ್ವರದ ಮಾತಾಗಿದ್ದರೆ, ತನ್ನ ರಕ್ತದ ಬಲದಿಂದ ವೆಂಡೆಲ್ ಮನೆಯ ಯಜಮಾನನಾಗುತ್ತಾನೆ. ನಿಜವಾಗಿದ್ದರೆ ಅಟ್ಟವೂ ಇಲ್ಲ. ಫಲಿತಾಂಶ ಬರುವವರೆಗೆ ಮತ್ತೆ ನಿದ್ದೆಯಿಲ್ಲ. ಅವನು ಕಣ್ಣು ಮುಚ್ಚಿ, ದೇವರೇ, ನಾನು ಟರ್ವಿಲ್ ಆಗಿರಲಿ, ವೆಂಡೆಲ್‌ನ ಹೆಸರಲ್ಲಾದರೂ ಆಗಿರಲಿ ಎಂದು ಬೇಡಿಕೊಳ್ಳುತ್ತ ಬಾಯಿ ತೆರೆದ.

“ಚೆನ್ನಾಗಿ ಉಜ್ಜೋ,” ಅಂದ ವೆಂಡೆಲ್. “ನಮ್ಮ ವಂಶದ ಮರ್ಯಾದೆ ಪ್ರಶ್ನೆ.”

ಆರಿನ್ ಎರಡೂ ಕೆನ್ನೆಗೆ ಉಜ್ಜಿದ.