ಮಗಳ ಇಸುಬು, ನನ್ನ ದೋಸೆ

ಹರಕೆ ಹೊರುವಾಗ ಮನುಷ್ಯರು ಸ್ವಲ್ಪ ಯೋಚನೆ ಮಾಡಬೇಕು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಂತೆ. ಬುದ್ಧಿವಂತರು ಹಾಗಲಕಾಯಿ ಬಿಟ್ಟು ಬರುತ್ತಾರೆ. ನಾನು ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಬೆಣ್ಣೆ ದೋಸೆ ಬಿಟ್ಟವಳು. ತರಕಾರಿಗೆಂದು ಹೊರಟರೆ ಎಡಕ್ಕೊಂದು ಕಾವಲಿ, ಬಲಕ್ಕೊಂದು ಕಾವಲಿ. ಮೂಗಿಗೆ ಸೆರಗು ಹಿಡಿದು ನಡೆದರೆ, ಚರಂಡಿ ನಾರುತ್ತಿದೆಯೆಂದು ಜನ ತಿಳಿಯುತ್ತಿದ್ದರು.

ಕಾರಣ ನನ್ನ ಮಗಳು ಗೌರಿಯ ಇಸುಬು. ಕೂಸಾಗಿದ್ದಾಗ ಕೆನ್ನೆಯ ಮೇಲೆ ಕೆಂಪಗೆ ಶುರುವಾದದ್ದು, ಅವಳು ನಡೆಯುವ ಹೊತ್ತಿಗೆ ಮೊಣಕೈ ಮಡಿಕೆಗೆ ಇಳಿದು ಅಲ್ಲೇ ಬಿಡಾರ ಹೂಡಿತು. ಕೆರೆದೂ ಕೆರೆದೂ ಚರ್ಮ ದಪ್ಪಗಾಯಿತು. ಶಾಲೆಯಲ್ಲಿ ಪಕ್ಕದ ಹುಡುಗಿ "ನನಗೂ ಅಂಟತೈತೆ" ಎಂದು ಜಾಗ ಬದಲಿಸಿದಳಂತೆ. ಅದು ಅಂಟುವಂಥದ್ದಲ್ಲವೆಂದು ಟೀಚರಿಗೆ ಹೇಳಿ ಬಂದೆ. ಏನು ಬಂತು? ಅಂದಿನಿಂದ ಗೌರಿಗೆ ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಅಂಗಿಯೇ ಬೇಕು.

ಸಲಹೆಗೆ ನಮ್ಮಲ್ಲಿ ಬರವಿಲ್ಲ. ಶಾಮನೂರಿನಿಂದ ಬಂದ ನಮ್ಮತ್ತೆ ಗೌರಿಯ ಊಟದಿಂದ ಬದನೆಕಾಯಿ ಬಿಡಿಸಿದರು, ಎದುರುಮನೆಯವರು ಶೇಂಗಾ ಬಿಡಿಸಿದರು, ಹಾಲಿನವನು ಹಾಲೊಂದನ್ನು ಉಳಿಸಿ ಮಿಕ್ಕದ್ದೆಲ್ಲ ಬಿಡಿಸಿದ. ನಾನೇನು ಕಡಿಮೆ? ಪೂಜೆ ಮುಗಿಸಿ ದಿನಾ ಮಗಳ ಮೊಣಕೈ ತುಂಬ ವಿಭೂತಿ ಬಳಿಯುತ್ತಿದ್ದೆ. ಒಂದು ಮಧ್ಯಾಹ್ನ ನಾವೆಲ್ಲ ಬದನೆಕಾಯಿ ಎಣಗಾಯಿ ರೊಟ್ಟಿ ತಿನ್ನುತ್ತಿದ್ದಾಗ ಗೌರಿ ಸಿಡಿದಳು.

"ಎಲ್ಲಾ ನಾನೇ ಯಾಕ ಬಿಡ್ಬೇಕು? ನೀನೇನು ಬಿಟ್ಟೀಯಮ್ಮ?"

ಆ ಸೋಮವಾರವೇ ಅವಳ ಕೈಹಿಡಿದು ಹರಿಹರಕ್ಕೆ ಹೋದೆ. ಇವಳ ಮೊಣಕೈ ಪೂರ್ತಿ ವಾಸಿಯಾಗುವವರೆಗೆ ಬೆಣ್ಣೆ ದೋಸೆ ಮುಟ್ಟುವುದಿಲ್ಲವೆಂದು ಹರಿಹರೇಶ್ವರನಿಗೆ ಮಾತು ಕೊಟ್ಟುಬಿಟ್ಟೆ.

ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದದ್ದು. "ವಿಭೂತಿ ಹಣೆಗಿರ್ಲಿ ತಾಯಿ, ಮೊಣಕೈಗೆ ಬ್ಯಾಡ, ಒಣಗಿದ್ದು ಇನ್ನೂ ಒಣಗತೈತೆ. ಉಗುರುಬೆಚ್ಚಗಿನ ನೀರು ಹಾಕ್ರಿ, ಮೈ ಹಸಿ ಇದ್ದಾಗ್ಲೇ ಮುಲಾಮು ಹಚ್ರಿ. ಬದನೆಕಾಯಿ ತಿಂದು ಹೆಚ್ಚಾಗಿದ್ದು ನೀವೇ ಕಂಡಿಲ್ಲಾಂದ್ರ ಯಾಕ ಬಿಡಿಸ್ತೀರಿ? ಬೆಳೀತಾ ಬೆಳೀತಾ ಬಾಳ ಮಕ್ಕಳಿಗೆ ಕಮ್ಮಿ ಆಗತೈತೆ" ಎಂದರು. ಮಗಳಿಗೆ ಬದನೆಕಾಯಿ ವಾಪಸು ಸಿಕ್ಕಿತು. ದೇವರಿಗೆ ಕೊಟ್ಟ ಮಾತು ವಾಪಸು ಸಿಗುತ್ತದೆಯೇ?

ಚರ್ಮಕ್ಕೆ ಆತುರವೆಂಬುದೇ ಇಲ್ಲ. ಮಳೆಗಾಲದಲ್ಲಿ ಮೆತ್ತಗಾಗಿ ಆಸೆ ಹುಟ್ಟಿಸಿ, ಚಳಿಗೆ ಮತ್ತೆ ಬಿರಿಯುತ್ತಿತ್ತು. ಬೆಳಗಾದರೆ ಅವಳ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. "ಇದು ಮಗಳ ಚಿಂತಿನೋ, ದೋಸಿ ಚಿಂತಿನೋ?" ಎಂದು ನಮ್ಮನೆಯವರು ಕೆಣಕುತ್ತಿದ್ದರು. ಎರಡನ್ನೂ ಬೇರೆ ಮಾಡಿ ಹೇಳುವಷ್ಟು ದೊಡ್ಡ ಭಕ್ತೆ ನಾನಲ್ಲ. ಆದರೂ ಶಿವ ಸಣ್ಣ ಸಣ್ಣ ಕೃಪೆ ತೋರಿಸುತ್ತಲೇ ಬಂದ. ಹಾಸಿಗೆಯ ಮೇಲೆ ರಕ್ತದ ಕಲೆಯಿಲ್ಲದ ಬೆಳಗುಗಳು ಬಂದವು. ದಪ್ಪ ಚರ್ಮ ತೆಳುವಾಯಿತು, ಕೆಂಪು ಕಂದಾಯಿತು, ಕಂದು ಬಿಳಿಚಿತು, ಬಿಳಿಚಿದ್ದಕ್ಕೆ ನಿಧಾನವಾಗಿ ಮೈಬಣ್ಣ ಬಂತು.

ಈ ಬೇಸಿಗೆಯಲ್ಲಿ ಗೌರಿ ತಾನಾಗಿಯೇ ಗಿಡ್ಡತೋಳಿನ ಫ್ರಾಕು ಹಾಕಿಕೊಂಡು ನಿಂತಳು. ಮತ್ತೆ ಹರಿಹರಕ್ಕೆ ಹೊರಟೆವು. ಎಡ ಮೊಣಕೈಯಲ್ಲಿ ನಾಣ್ಯದಷ್ಟು ಒರಟು ಇನ್ನೂ ಉಳಿದಿತ್ತು. ಹರಕೆ ತೀರಿತೋ ಇಲ್ಲವೋ ಎಂದು ಗರ್ಭಗುಡಿಯ ಮುಂದೆ ಗೊಣಗಿದೆ.

"ಅಮ್ಮ, ದೇವ್ರೇ ಅರ್ಧ ಶಿವ, ಅರ್ಧ ವಿಷ್ಣು ಅದಾನೆ. ನಾನೊಬ್ಬಳೇ ಪೂರ್ತಿ ಒಂದೇ ಥರ ಇರ್ಬೇಕಾ?" ಎಂದಳು.

ಅರ್ಚಕರು ನಕ್ಕುಬಿಟ್ಟರು. "ಹೋಗಿ ತಿನ್ರಿ ತಾಯಿ. ದೇವ್ರ ಕಡೆಯಿಂದ ತಕರಾರಿಲ್ಲ."

ದಾವಣಗೆರೆಯಲ್ಲಿ ಬಸ್ಸಿಳಿದವರೇ ಹೋಟೆಲಿಗೆ ನುಗ್ಗಿದೆವು. ದೋಸೆ ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು. ಅಷ್ಟರಲ್ಲಿ ಗೌರಿ ಚಟ್ನಿಗೆಂದು ತೋಳು ಚಾಚಿದಳು. ಬರಿಯ ತೋಳು, ಪಕ್ಕದ ಮೇಜಿನವರ ಕಣ್ಣೆದುರೇ, ಮುಚ್ಚಿಕೊಳ್ಳುವ ನೆನಪೂ ಇಲ್ಲದೆ. ನಾನು ಅದನ್ನೇ ನೋಡುತ್ತ ಕೂತುಬಿಟ್ಟೆ.

"ತಿನ್ನಮ್ಮ, ಆರೇ ಹೋತು!"

ವರ್ಷಗಟ್ಟಲೆ ಕಾದು ಕೊನೆಗೆ ನಾನು ತಿಂದದ್ದು ತಣ್ಣನೆಯ ದೋಸೆ. ಬೇಸರವೇನಿಲ್ಲ, ಹಿಂದೆಯೇ ಬಿಸಿಯದೊಂದು ತರಿಸಿಕೊಂಡೆ. ಎಷ್ಟು ತಿಂದರೆ ಹರಕೆ ತೀರಿದಂತೆ ಎಂದು ದೇವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.